ಎರಡನೇ ಕ್ಯಾಸೆಟ್ಟು

ಚಿಕ್ಕಬೈರಪ್ಪ ಸ್ಪೀಕರಿನ ವೈರನ್ನು ಕಿತ್ತೇ ಬಿಟ್ಟರು. ಶಾಮಿಯಾನದಡಿ ಕೂತಿದ್ದವರೆಲ್ಲ ತಿರುಗಿ ನೋಡಿದರು.

“ನಾನಿನ್ನೂ ಉಸ್ರಾಡ್ತಿವ್ನಿ ಕಣಮ್ಮ. ನಾ ಇರೋವಾಗ ಆಂಜಿನಪ್ಪನ್ ಮುಂದೆ ಈ ಡಬ್ಬ ಪದ ಹೇಳ್ಬೇಕಾ?”

ಕೃಪಾ ವೈರನ್ನು ಎತ್ತಿಕೊಂಡಳು. ಸತ್ತ ಆಂಜಿನಪ್ಪನಿಗೆ ಇವಳೊಬ್ಬಳೇ ಮಗಳು. “ಬೇರೆ ಯಾರದ್ದೂ ಅಲ್ಲ ದೊಡ್ಡಪ್ಪ. ನಿಮ್ ತಂಡದ್ದೇ ಎರಡ್ನೇ ಕ್ಯಾಸೆಟ್ಟು. ಅಪ್ಪಂಗೆ ಫೋನಿಗೆ ಹಾಕಿಸ್ಕೊಟ್ಟಿದ್ದೆ. ದಿನಾ ಅದನ್ನೇ ಕೇಳ್ತಿದ್ರು.”

“ಆ ದರಿದ್ರ ಕ್ಯಾಸೆಟ್ಟಾ? ಅದನ್ನ ಮನ್ಸ ಅನ್ನೋನು ಕೇಳ್ತಾನಾ?”

“ಅಣ್ಣ, ಬೇಗ ಬೇಗ,” ಎಂದ ಶವದ ವ್ಯಾನಿನ ಡ್ರೈವರ್. “ಮೂರಕ್ಕೆ ರಾಹುಕಾಲ. ಸಿಗ್ನಲ್‌ನಲ್ಲಿ ಆಗ್ಲೇ ಜಾಮ್ ಇದೆ.”

ಚಿಕ್ಕಬೈರಪ್ಪ ಆಂಜಿನಪ್ಪನ ಜೊತೆ ಮಾತು ಬಿಟ್ಟು ಇಪ್ಪತ್ತೇಳು ವರ್ಷ. ಮನೆಗಳ ನಡುವೆ ಇದ್ದದ್ದು ಎರಡೇ ಬೀದಿ. ಆದರೂ ಬಂದಿದ್ದರು. ಕಾಡುಗೋಡಿಯಲ್ಲಿ ಯಾರೇ ಸತ್ತರೂ ಹೆಣದ ಮುಂದೆ ತತ್ವಪದ ಹೇಳುವುದು ಅವರೇ. ಇವತ್ತು ಹೇಳದಿದ್ದರೆ ಊರವರ ಬಾಯಿ ಮುಚ್ಚಿಸುವವರು ಯಾರು?

ಮೈಕು ಹಿಡಿದರು. ಕೃಪಾ ವೈರನ್ನು ಮತ್ತೆ ಸಿಕ್ಕಿಸಿದಳು. ಹಳೆಯ ತಂಡದಲ್ಲಿ ಉಳಿದಿರುವ ಇನ್ನೊಬ್ಬ ಕೊಟ್ರೇಶ್ ತಾಳ ಹಾಕಿದ.

ಬಾಡಿಗೆ ಮನೆಯಿದು ಮೈಯಿ, ಬೀಗ ನಿನ್ನದಲ್ಲ…

ಮೊದಲೆರಡು ಚರಣ ಚೆನ್ನಾಗಿಯೇ ಬಂದವು. ಮೂರನೆಯದರಲ್ಲಿ ಮೇಲಕ್ಕೆ ಏರುವ ಸಾಲಿನಲ್ಲಿ ದನಿ ಸೀಳಿತು. ಕೆಮ್ಮಿ ಮತ್ತೆ ಹಿಡಿದರು. ಮತ್ತೆ ಸೀಳಿತು. ತಾಳ ನಿಂತಿತು. ಅತ್ತ ಮೆಟ್ರೋ ಒಂದು ಹಾದುಹೋಯಿತು. “ಪಾಪ, ವಯಸ್ಸಾಯ್ತು ಬಿಡಿ,” ಎಂದರು ಯಾರೋ. ಚಿಕ್ಕಬೈರಪ್ಪ ಮೈಕನ್ನು ಕುರ್ಚಿಯ ಮೇಲೆ ಕುಕ್ಕಿ, ಹಿತ್ತಲಿಗೆ ದಾಪುಗಾಲು ಹಾಕಿದರು.

*

ತಂಡದ ಮೊದಲನೇ ಕ್ಯಾಸೆಟ್ಟು ಸುತ್ತಲಿನ ಟೀ ಅಂಗಡಿಗಳಲ್ಲೆಲ್ಲ ಕೂಗಿತ್ತು. ಎರಡನೆಯದನ್ನು ರೆಕಾರ್ಡ್ ಮಾಡುವ ದಿನ ಚಿಕ್ಕಬೈರಪ್ಪನವರಿಗೆ ಕೆಂಡದಂಥ ಜ್ವರ. ಐದು ಜನಕ್ಕೆ ಒಂದೇ ಮೈಕು. ಮುಮ್ಮೇಳ ಅವರದು, ಹಿಂದೆ ನಿಂತು ತಗ್ಗು ದನಿಯಲ್ಲಿ ಸೇರಿಸುವುದು ಆಂಜಿನಪ್ಪನ ಕೆಲಸ. ವೈಟ್‌ಫೀಲ್ಡಿನ ಫ್ಯಾಕ್ಟರಿಯಲ್ಲಿ ಹಗಲೆಲ್ಲ ಕಂಪ್ರೆಸರ್ ಪಕ್ಕ ನಿಲ್ಲುವ ಆಳು, ದನಿಯೂ ಅದರಂತೆಯೇ ಗುಂಯ್ ಅನ್ನುತ್ತಿತ್ತು. ಅಂಥವನು ಹಾಡಿನ ನಡುವೆ ಸಲೀಸಾಗಿ ಒಂದು ಹೆಜ್ಜೆ ಮುಂದೆ ಬಂದು ಮೈಕಿಗೆ ಬಾಯಿ ಕೊಟ್ಟ.

ಕ್ಯಾಸೆಟ್ಟು ಮಾರಾಟವಾಗಲಿಲ್ಲ. ಅರ್ಧ ಪದ ಕೇಳುವಷ್ಟರಲ್ಲೇ ಚಿಕ್ಕಬೈರಪ್ಪ ಅದನ್ನು ಚರಂಡಿಗೆ ಎಸೆದರು. ಅಂಗಡಿಯ ಮುಂದೆ ಹತ್ತು ಜನರೆದುರು ಹೇಳಿದರು: “ಮೈಕಿನ್ ಆಸೆ ಇವ್ನಿಗೆ. ನನ್ ದನಿ ತುಳ್ದ. ಕ್ಯಾಸೆಟ್ ಕೆಡಿಸ್ದ.”

ಆಂಜಿನಪ್ಪ ಒಂದು ಮಾತೂ ಆಡಲಿಲ್ಲ. ಮುಂದಿನ ವಾರದಿಂದ ಹಾಡಲು ಬರಲೂ ಇಲ್ಲ.

*

ಕೃಪಾ ಹಿತ್ತಲಿಗೆ ನೀರು ತಂದು ಕೊಟ್ಟಳು. ಆಮೇಲೆ ಕೇಳದೆಯೇ ಫೋನನ್ನು ಅವರ ಕಿವಿಗೆ ಹಿಡಿದಳು. “ಒಂದ್ಸಲ ಕೇಳಿ. ಆಮೇಲೆ ಬೇಕಾದ್ರೆ ಬೈಯಿರಿ.”

ಅದೇ ಪದ. ಮೂರನೇ ಚರಣ. ಅಲ್ಲೂ ಅವರ ದನಿ ಅದೇ ಸಾಲಿಗೆ ಏರುತ್ತ ಸೀಳತೊಡಗಿತು. ಪೂರ್ತಿ ಸೀಳುವ ಮೊದಲೇ ಅಡಿಯಿಂದ ಆಂಜಿನಪ್ಪನ ದನಿ ಬಂದು ಇಡೀ ಸಾಲನ್ನು ಹೊತ್ತುಕೊಂಡಿತು. ಸಾಲು ಮುಗಿದದ್ದೇ ತಡ, ಹಿಂದೆ ಸರಿಯಿತು.

“ಇನ್ನೊಂದ್ಸಲ ಆಕಮ್ಮ.”

ಮೂರು ಸಲ ಕೇಳಿದರು. ಲೋಟವನ್ನು ಸಂಪಿನ ಕಟ್ಟೆಯ ಮೇಲಿಟ್ಟರು.

“ಈ ಜಾಗ ಬಂದಾಗೆಲ್ಲ ಅಪ್ಪ ನಗೋರು,” ಎಂದಳು ಕೃಪಾ. “ಅವತ್ತು ಬೈರಂಗೆ ಜ್ವರ ಕಣಮ್ಮ, ಅನ್ನೋರು.”

“ನಂಗ್ಯಾಕೆ ಬಾಯ್ಬಿಟ್ಟು ಯೋಳ್ಲಿಲ್ಲ ಆ ನನ್ಮಗ?”

“ಹೇಳಿದ್ರೆ ನಿಮ್ ದನಿ ಹೋಗಿತ್ತು ಅಂತ ಊರಿಗೆಲ್ಲ ಗೊತ್ತಾಗೋದಲ್ಲ ದೊಡ್ಡಪ್ಪ.”

ಅಯ್ಯೋ! ಚಿಕ್ಕಬೈರಪ್ಪ ಸಂಪಿನ ಕಟ್ಟೆಯ ಮೇಲೆ ಕುಸಿದು ಕೂತು, ಮಗುವಿನ ಹಾಗೆ ಅತ್ತರು.

*

ಅವರು ಮುಂದಕ್ಕೆ ಬರುವಷ್ಟರಲ್ಲಿ ನಾಲ್ಕು ಜನ ಚಟ್ಟಕ್ಕೆ ಕೈ ಹಾಕಿದ್ದರು.

“ಇಳಿಸ್ರೋ! ಪದ ಮುಗ್ದಿಲ್ಲ!”

“ಟೈಮ್ ಇಲ್ಲ ಸಾರ್,” ಎಂದ ಡ್ರೈವರ್. “ಹತ್ತೇ ನಿಮಿಷ ಇರೋದು.”

ಆಂಜಿನಪ್ಪನ ಹೆಂಡತಿ ಮರೆವ್ವ ತಲೆಯೆತ್ತಿದಳು. “ಇಳಿಸ್ರಪ್ಪ. ಇಷ್ಟ್ ವರ್ಸ ನಮ್ ಯಜಮಾನ್ರು ಕಾದಿಲ್ವಾ? ರಾಹುಕಾಲ ಒಸಿ ಕಾಯ್ಲಿ.”

ಚಿಕ್ಕಬೈರಪ್ಪ ಮೈಕು ಎತ್ತಿಕೊಂಡರು. “ಆ ಕ್ಯಾಸೆಟ್ಟು ಕೆಡಿಸಿದ್ದು ಇವ್ನು ಅಂತ ಊರ್ಗೆಲ್ಲ ಸಾರಿದ್ದೆ. ಕೆಟ್ಟಿದ್ದು ನನ್ ದನಿ. ಮಾನ ಉಳಿಸ್ದೋನು ಇವ್ನು.” ಕೊಟ್ರೇಶನ ಕಡೆ ಕೈ ಮಾಡಿದರು.

ತಾಳ ಬಿತ್ತು. ಒಂದನೇ ಚರಣ, ಎರಡನೆಯದು. ಮೂರನೆಯದರಲ್ಲಿ ಆ ಸಾಲು ಬಂತು. ಚಿಕ್ಕಬೈರಪ್ಪ ಈ ಸಲ ಏರಲು ಹೋಗಲಿಲ್ಲ. ಬಾಯಿ ಮುಚ್ಚಿ, ಮಂಡಿಯೂರಿ, ಬಟ್ಟೆ ಕಟ್ಟಿದ ಆಂಜಿನಪ್ಪನ ಗಲ್ಲದ ಹತ್ತಿರ ಮೈಕು ಹಿಡಿದರು.

ಕೊಟ್ರೇಶ್ ಒಮ್ಮೆ ನೋಡಿದ, ಕೈ ನಿಲ್ಲಿಸಲಿಲ್ಲ. ಆ ಒಂದು ಸಾಲು ಮುಗಿಯುವಷ್ಟು ಹೊತ್ತು ಸ್ಪೀಕರಿನಲ್ಲಿ ತಾಳವೊಂದೇ ಕೇಳಿಸುತ್ತಿತ್ತು.