ಕಪ್ಪು ಕಾರಿಗೆ ಮೇಲ್ಕಟ್ಟು

ಉದ್ಯಾವರದಲ್ಲಿ ಹೆದ್ದಾರಿ ಬಿಟ್ಟು ಹೊಳೆಯ ಕಡೆಗೆ ಇಳಿದರೆ ಎಡಗಡೆ ಒಂದು ಉದ್ದನೆಯ ಹಂಚಿನ ಶೆಡ್ಡು ಸಿಗುತ್ತದೆ. ಹಿಂದೆ ಅಲ್ಲಿ ಹಂಚಿನ ಕಾರ್ಖಾನೆ ಇತ್ತು. ಅಚ್ಚಿನಿಂದ ತೆಗೆದ ಹಸಿ ಹಂಚುಗಳನ್ನು ಒಣಗಲು ಜೋಡಿಸಿಡುತ್ತಿದ್ದ ಜಾಗ ಅದು. ಊರಿನ ಮನೆಗಳಿಗೆ ತಾರಸಿ ಬಂದ ಮೇಲೆ ಕಾರ್ಖಾನೆ ನಿಂತಿತು, ಚಿಮಣಿ ಕುಸಿಯಿತು, ಯಂತ್ರಗಳು ಗುಜರಿಗೆ ಹೋದವು. ಶೆಡ್ಡು ಮಾತ್ರ ಉಳಿಯಿತು. ಭಟ್ಟಿಯಿಂದ ಕೊನೆಯದಾಗಿ ಹೊರಬಂದ ಹಂಚುಗಳನ್ನು ಮಾರದೆ ಅದರ ಮಾಡಿಗೇ ಹೊದಿಸಿದ್ದರು.

ಮಸ್ಕತ್ತಿನಿಂದ ಮರಳಿ ಬಂದ ಆಸ್ಟಿನ್ ಆ ಶೆಡ್ಡನ್ನು ಬಾಡಿಗೆಗೆ ಕೇಳಲು ಕುಶಲಕ್ಕನ ಮನೆಗೆ ಹೋದ. ಕಾರ್ಖಾನೆ ಕಟ್ಟಿದ ಉಮಾನಾಥಣ್ಣನ ಹೆಂಡತಿ ಅವರು. ಈಗ ಮಗಳು ವಿನೋದಾಳ ಸಂಸಾರದೊಂದಿಗೆ ಶೆಡ್ಡಿನ ಹಿಂದುಗಡೆಯ ಮನೆಯಲ್ಲಿದ್ದರು.

"ಎಂತ ಅಂಗಡಿ ಹಾಕುವುದು?" ಎಂದು ಕೇಳಿದರು.

"ಕಾರ್ ಡಿಟೇಲಿಂಗ್, ಕುಶಲಕ್ಕ."

"ಹಾಗೆಂದರೆ?"

"ಕಾರನ್ನು ಒಳಗೆ ಹೊರಗೆ ಪೂರ್ತಿ ಚಂದ ಮಾಡುವುದು. ಗೀರು ತೆಗೆದು, ಪಾಲಿಶ್ ಮಾಡಿ, ಮೇಲಿಂದ ಬಣ್ಣ ಉಳಿಯುವ ಹಾಗೆ ಕೋಟಿಂಗ್ ಹಾಕುವುದು."

"ತೊಳೆಯುವುದು ಅಂತ ಹೇಳು."

"ತೊಳೆಯುವುದೂ ಉಂಟು."

"ಅದನ್ನು ಕಲಿಯಲಿಕ್ಕೆ ಮಸ್ಕತ್ತಿಗೆ ಹೋಗಬೇಕಿತ್ತಾ ಮಾರಾಯ? ನಿನ್ನ ಅಪ್ಪ ಸೈಕಲ್ ಒರೆಸುವುದನ್ನು ನೋಡಿದ್ದರೆ ಸಾಕಿತ್ತಲ್ಲ."

ಆಸ್ಟಿನ್ ನಕ್ಕ. ಅವರ ಮಾತು ಸುಳ್ಳಾಗಿರಲಿಲ್ಲ. ಅವನ ಅಪ್ಪ ಎಡ್ಮಂಡ್ ಇದೇ ಕಾರ್ಖಾನೆಯಲ್ಲಿ ಹಂಚು ಒತ್ತುತ್ತಿದ್ದವರು. ವಾರವಿಡೀ ಮೊಣಕೈವರೆಗೆ ಮಣ್ಣು ಮೆತ್ತಿಕೊಂಡಿರುತ್ತಿದ್ದ ಮನುಷ್ಯ, ಆದಿತ್ಯವಾರ ಪೂಜೆಗೆ ಹೋಗುವ ಮೊದಲು ಸೈಕಲ್ಲನ್ನು ಅಂಗಳದಲ್ಲಿ ತಲೆಕೆಳಗೆ ನಿಲ್ಲಿಸಿ, ಹಳೆಯ ಬನಿಯನ್ನಿನ ತುಂಡಿಗೆ ತೆಂಗಿನೆಣ್ಣೆ ಹಚ್ಚಿ ಒಂದೊಂದೇ ಕಡ್ಡಿ ಒರೆಸುತ್ತಿದ್ದರು. ಅವಸರವೆಂಬುದು ಆ ಕೈಗಳಿಗೆ ತಿಳಿದಿರಲಿಲ್ಲ. ಚಕ್ರ ತಿರುಗಿಸಿ ಬಿಸಿಲಿಗೆ ಹಿಡಿದಾಗ ಅಂಗಳದ ತುಂಬ ಬೆಳಕು ಓಡಾಡುತ್ತಿತ್ತು.

ಬಾಡಿಗೆಯ ವಿಷಯದಲ್ಲಿ ಕುಶಲಕ್ಕ ಹೆಚ್ಚು ಮಾತನಾಡಲಿಲ್ಲ. ಆದರೆ ಶೆಡ್ಡಿನ ಮೂಲೆಗೆ ಕರೆದೊಯ್ದು ಒಂದು ಷರತ್ತು ಹಾಕಿದರು. ಆ ಮೂಲೆಯಲ್ಲಿ ಒಂದು ಕಲ್ಲುಪೀಠವಿತ್ತು, ಅದರ ಮೇಲೆ ದೀಪ. ಹೊಳೆಬದಿಯ ಗದ್ದೆ ಅಗೆದು ಮಣ್ಣು ತರುವಾಗ ಭೂಮಿಗೆ ನೋವಾಗುತ್ತದೆಂದು ಉಮಾನಾಥಣ್ಣ ಹಚ್ಚಲು ತೊಡಗಿದ ದೀಪ ಅದು. ಕಾರ್ಖಾನೆ ನಿಂತರೂ ದೀಪ ನಿಂತಿರಲಿಲ್ಲ.

"ಈ ಮಾಡಿನ ಹಂಚು ತೆಗೆಯುವ ಹಾಗಿಲ್ಲ," ಎಂದರು. "ಕೊನೆಯ ಭಟ್ಟಿಯದ್ದು. ಇವರೂ ನಿನ್ನ ಅಪ್ಪನೂ ಮೇಲೆ ಹತ್ತಿ ಹೊದಿಸಿದ್ದು. ಇದು ಇರುವಷ್ಟು ದಿನ ಭಟ್ಟಿ ಇನ್ನೂ ಆರಲಿಲ್ಲ ಅಂತ ನನಗೆ."

"ತೆಗೆಯುವುದಿಲ್ಲ, ಕುಶಲಕ್ಕ," ಎಂದು ಆಸ್ಟಿನ್ ದೀಪದ ಮುಂದೆ ಮಾತು ಕೊಟ್ಟ.

ಮಳೆಗಾಲ ಹಿಡಿಯುವ ಹೊತ್ತಿಗೆ ಅಂಗಡಿ ಶುರುವಾಯಿತು. ಪಾದ್ರಿಗಳು ಬಂದು ತೀರ್ಥ ಚಿಮುಕಿಸಿದರು. ಕುಶಲಕ್ಕ ತೆಂಗಿನಕಾಯಿ ತಂದಿಟ್ಟರು. ಮೊದಲು ಬಂದದ್ದು ಕಾಪುವಿನ ಒಂದು ಕಾರು. ಡಿಕ್ಕಿಯಲ್ಲಿಟ್ಟ ಬಂಗುಡೆ ಮೀನಿನ ಚೀಲ ಒಡೆದು ನೀರು ಕೆಳಗಿಳಿದಿತ್ತು. ಕಿಟಕಿ ಹಾಕಿಕೊಂಡು ಕೂರುವ ಹಾಗಿರಲಿಲ್ಲ. ಆಸ್ಟಿನ್ ಸೀಟುಗಳನ್ನು ಕಳಚಿ, ಕಾರ್ಪೆಟ್ ಎತ್ತಿ, ತೊಳೆದು ಒಣಗಿಸಿ, ಮೂಗು ಹಾಕಿ ನೋಡಿ, ಮತ್ತೆ ತೊಳೆದ. ಆಮೇಲೆ ಹಲಸಿನ ಮೇಣ ಅಂಟಿದ ಸೀಟು ಬಂತು, ಮಕ್ಕಳು ವಾಂತಿ ಮಾಡಿದ ಕಾರು ಬಂತು, ಕಡಲಬದಿಯ ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತಿದ್ದ ಕಾರುಗಳು ಬಂದವು. ಅವನು ಯಾವುದಕ್ಕೂ ಮುಖ ಸಿಂಡರಿಸಲಿಲ್ಲ. ಒಂದು ಕಾರಿನ ಮುಂದೆ ಮಂಡಿಯೂರಿ ಚಕ್ರ ಒರೆಸುವಾಗ ಮನಸ್ಸು ಜಪಮಾಲೆ ಹಿಡಿದಾಗಿನಷ್ಟೇ ಶಾಂತವಾಗಿರುತ್ತಿತ್ತು.

ಆದರೆ ತೊಳೆಯುವ ಕೆಲಸದಿಂದಲೇ ಅಂಗಡಿ ನಿಲ್ಲುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಕೋಟಿಂಗ್ ಕೆಲಸ ಸಿಗಬೇಕು. ಮಳೆಗಾಲ ಮುಗಿಯುತ್ತ ಬಂದಾಗ ಮಸ್ಕತ್ತಿನ ಹಳೆಯ ಮೇಲ್ವಿಚಾರಕ ಫೋನ್ ಮಾಡಿ, ನಿನ್ನ ಜಾಗ ಖಾಲಿ ಉಂಟು, ತಿಂಗಳ ಕೊನೆಗೆ ಹೇಳು ಎಂದಿದ್ದ. ಆಸ್ಟಿನ್ ಆಗಲೆಂದೂ ಹೇಳಿರಲಿಲ್ಲ, ಇಲ್ಲವೆಂದೂ ಹೇಳಿರಲಿಲ್ಲ.

"ನೀನು ಹೋಗುವುದಾದರೆ ಹೋಗು," ಎಂದಿದ್ದಳು ಹೆಂಡತಿ ಲವಿಟಾ, ಹೊಲಿಗೆ ಯಂತ್ರದಿಂದ ತಲೆ ಎತ್ತದೆ. "ಈ ಸಲ ಏರ್‌ಪೋರ್ಟಿಗೆ ಮಾತ್ರ ನಾನು ಬರುವುದಿಲ್ಲ. ಟಾಟಾ ಮಾಡಿ ಮಾಡಿ ನನ್ನ ಕೈ ಸೋತಿದೆ."

ಮಳೆ ಬಿಟ್ಟು ಬಿಸಿಲು ಬಲಿತಾಗ ಕಾರ್ಕಳದಿಂದ ತಿಲಕ್ ಎಂಬವರು ತಮ್ಮ ಕಪ್ಪು ಕಾರು ತಂದರು. ಕೆಂಪು ಕಲ್ಲಿನ ವ್ಯಾಪಾರಿ. ದೊಡ್ಡ ದನಿ, ದೊಡ್ಡ ನಗು.

"ನೋಡು ಮಾರಾಯ, ನನ್ನ ಮನೆಯಲ್ಲಿ ಧೂಳು, ಕಲ್ಲು ಕಡಿಯುವ ಕೋರೆಯಲ್ಲಿ ಧೂಳು, ಅನ್ನದಲ್ಲೂ ಧೂಳು. ಈ ಕಾರಿಗೊಂದು ಅಂಟಬಾರದು. ಆದಿತ್ಯವಾರ ಕಾಪುವಿನಲ್ಲಿ ತಂಗಿಯ ಮಗಳ ನಿಶ್ಚಿತಾರ್ಥ ಉಂಟು. ಇದರಲ್ಲೇ ಹೋಗುವುದು. ಚಂದ ಆದರೆ ನನ್ನ ಅಣ್ಣತಮ್ಮಂದಿರ ಕಾರೆಲ್ಲ ನಿನ್ನಲ್ಲಿಗೇ."

ಆಸ್ಟಿನ್ ಕಾರನ್ನು ತೊಳೆದು, ಬಫಿಂಗ್ ಯಂತ್ರ ಹಿಡಿದು ಗೀರುಗಳನ್ನು ಒಂದೊಂದಾಗಿ ತೆಗೆದ. ಆ ಶೆಡ್ಡಿನ ಮಾಡಿನಲ್ಲಿ ಒಂದೇ ಒಂದು ಗಾಜಿನ ಹಂಚು ಇತ್ತು. ಮಧ್ಯಾಹ್ನ ಅದರಿಂದ ಇಳಿಯುವ ಬಿಸಿಲಿನ ಕೋಲು ಕಾರಿನ ಮೇಲೆ ಬಿದ್ದಾಗ, ಕೂದಲೆಳೆಯಂಥ ಗೀರೂ ಕಾಣಿಸುತ್ತಿತ್ತು. ಮಸ್ಕತ್ತಿನ ದುಬಾರಿ ದೀಪಗಳೂ ಅಷ್ಟು ಸರಿಯಾಗಿ ತೋರಿಸಿರಲಿಲ್ಲ. ಅವನು ಕಾರನ್ನೇ ಸ್ವಲ್ಪ ಸ್ವಲ್ಪ ಮುಂದೆ ತಳ್ಳುತ್ತ ಬಿಸಿಲಿಗೆ ಹಿಡಿದು ನೋಡಿದ. ಸಂಜೆ ಹೊತ್ತಿಗೆ ಕೋಟಿಂಗ್ ಹಾಕಿ, ಬಾಗಿಲೆಳೆದು ಮನೆಗೆ ಹೋದ. ಕೋಟಿಂಗ್ ಬಿಗಿಯಲು ಒಂದು ರಾತ್ರಿ ಬೇಕು.

ಬೆಳಿಗ್ಗೆ ಬಂದು ನೋಡಿದರೆ ಬಾನೆಟ್ಟಿನ ಮೇಲೆ, ಕಾರಿನ ನೆತ್ತಿಯ ಮೇಲೆ, ಎಲ್ಲ ಕಡೆ ಕೆಂಪು ಚುಕ್ಕಿಗಳು. ಒರೆಸಿದರೆ ಹೋಗಲಿಲ್ಲ. ಹಸಿ ಕೋಟಿಂಗಿನೊಳಗೆ ಕೂತು ಬಿಗಿದುಕೊಂಡಿದ್ದವು.

ಅವನು ಮಾಡಿನ ಕಡೆ ನೋಡಿದ. ಮಳೆಗಾಲವಿಡೀ ಒದ್ದೆಯಾಗಿದ್ದ ಹಂಚುಗಳು ಬಿಸಿಲಿಗೆ ಒಣಗಿದ್ದವು. ಗಾಳಿ ಬೀಸಿದಂತೆ ಗಾಜಿನ ಹಂಚಿನ ಬೆಳಕಿನಲ್ಲಿ ಕೆಂಪು ಪುಡಿ ಮೆಲ್ಲಗೆ ಇಳಿಯುತ್ತಿತ್ತು. ಇಷ್ಟು ದಿನ ತೊಳೆದು ಒರೆಸುವ ಕಾರುಗಳಲ್ಲಿ ಅದು ಗೊತ್ತಾಗಿರಲಿಲ್ಲ. ಅಪ್ಪನಿಗೆ ಬುತ್ತಿ ಕೊಟ್ಟು ತಾನು ಇಲ್ಲೇ ಕೂರುತ್ತಿದ್ದ ದಿನಗಳು ಅವನಿಗೆ ನೆನಪಾದವು. ಬೆಳಕಿನಲ್ಲಿ ಪುಡಿ ತೇಲುವುದನ್ನು ಹಿಡಿಯಹೋದಾಗ ಅಪ್ಪ ಗಂಜಿ ಉಣ್ಣುತ್ತ ಹೇಳುತ್ತಿದ್ದರು, "ಕಸ ಅಲ್ಲ ಮಗಾ. ಹಂಚು ಉಸಿರು ಬಿಡುವುದು."

ಆ ಉಸಿರು ಇವತ್ತು ತಿಲಕರ ಕಾರಿನ ಮೇಲಿತ್ತು.

ತಿಲಕ್ ಬಂದರು. ಕಾರಿಗೆ ಒಂದು ಸುತ್ತು ಹಾಕಿದರು.

"ಎಂತ ಇದು, ಕುಂಕುಮಾರ್ಚನೆಯಾ?"

ಆಸ್ಟಿನ್ ತಲೆ ತಗ್ಗಿಸಿದ. "ಮಾಡಿನ ಧೂಳು, ತಿಲಕಣ್ಣ. ನನ್ನದೇ ತಪ್ಪು. ಪೂರ್ತಿ ತೆಗೆದು ಮತ್ತೆ ಹಾಕಿ ಕೊಡ್ತೇನೆ."

"ಕೆಂಪು ಧೂಳು ಬೇಡ ಅಂತ ಅಲ್ವಾ ನಾನು ಕಾರ್ಕಳದಿಂದ ಇಲ್ಲಿಗೆ ಬಂದದ್ದು? ಇದನ್ನು ಕೋರೆಯಲ್ಲಿ ನಿಲ್ಲಿಸಿದ್ದರೂ ಆಗ್ತಿತ್ತು." ಬಾನೆಟ್ಟಿನ ಮೇಲೆ ಬೆರಳು ಎಳೆದು ನೋಡಿ ಹೇಳಿದರು, "ಶನಿವಾರ ಸಂಜೆಗೆ ಬರ್ತೇನೆ. ಆಗದಿದ್ದರೆ ಈಗಲೇ ಹೇಳು. ಮಣಿಪಾಲದಲ್ಲಿ ಎಸಿ ರೂಮಿನಲ್ಲಿ ಮಾಡುವವರು ಇದ್ದಾರಂತೆ."

"ಆಗ್ತದೆ," ಎಂದ ಆಸ್ಟಿನ್. ಹೇಗೆ ಎಂಬುದು ಗೊತ್ತಿರಲಿಲ್ಲ.

ತಗಡಿನ ಕೆಲಸ ಮಾಡುವ ಅಲೋಶಿಯಸ್ ಬಂದು, ಸೊಂಟಕ್ಕೆ ಕೈಯಿಟ್ಟು ಮೇಲೆ ನೋಡಿದ. "ಇದಕ್ಕೆ ಯೋಚನೆ ಎಂತದ್ದು? ಹಂಚು ಇಳಿಸು. ಶೀಟು ಹಾಕಿದರೆ ಒಂದು ಕಣ ಬೀಳುವುದಿಲ್ಲ."

"ಹಂಚು ತೆಗೆಯುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ."

"ಹಾಗಾದರೆ ಮಸ್ಕತ್ತಿಗೆ ಟಿಕೆಟ್ ತೆಗೆ," ಎಂದು ಅಲೋಶಿಯಸ್ ಸ್ಕೂಟರ್ ಹತ್ತಿದ.

ಆ ದಿನವಿಡೀ ಆಸ್ಟಿನ್ ಹಳೆಯ ಕೋಟಿಂಗನ್ನು ಉಜ್ಜಿ ತೆಗೆದ. ಯಂತ್ರದ ಸದ್ದಿನ ನಡುವೆ ಅಲೋಶಿಯಸ್‌ನ ಮಾತೇ ಕಿವಿಯಲ್ಲಿತ್ತು. ಸಂಜೆ ಕುಶಲಕ್ಕ ಎಂದಿನಂತೆ ಎಣ್ಣೆಯ ಗಿಂಡಿ ಹಿಡಿದು ಬಂದರು. ಅವನ ಮುಖ ನೋಡಿದರು.

"ಎಂತ ಮಂಡೆಬಿಸಿ?"

ಅವನು ಎಲ್ಲ ಹೇಳಿದ. ಕಾರು, ಕೆಂಪು ಪುಡಿ, ಶನಿವಾರ, ಮಸ್ಕತ್ತಿನ ಫೋನು. ಹಂಚು ತೆಗೆಯಬಹುದೇ ಎಂದು ಮಾತ್ರ ಕೇಳಲಿಲ್ಲ. ಕೇಳದೆಯೇ ಅವರಿಗೆ ತಿಳಿಯಿತು. ಅವರು ಗಿಂಡಿ ಕೆಳಗಿಟ್ಟು ಮಾಡಿನ ಒಂದೊಂದೇ ಸಾಲನ್ನು ನೋಡಿದರು.

"ತೆಗಿ," ಎಂದರು ಕೊನೆಗೆ. "ನೀನು ವಿಮಾನ ಹತ್ತಿದ ಮೇಲೆ ಈ ಹಂಚಿನ ಕೆಳಗೆ ನಾನು ಯಾರನ್ನು ನೋಡುವುದು? ಎಡ್ಮಂಡ್ ಇದ್ದಿದ್ದರೂ ತೆಗಿ ಅಂತಲೇ ಹೇಳ್ತಿದ್ದ. ಜಾಗ್ರತೆಯಲ್ಲಿ ಇಳಿಸಿ ಹಿಂದೆ ಜೋಡಿಸಿಡು."

ಅಷ್ಟು ಹೇಳಿ ಮೂಲೆಗೆ ಹೋಗಿ ಬತ್ತಿ ಸರಿಮಾಡಿದರು. ಆಸ್ಟಿನ್‌ಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಅಪ್ಪನ ಕೈ ಮುಟ್ಟಿದ ಹಂಚನ್ನು ತನ್ನ ಕೈಯಿಂದ ಕೀಳಬೇಕಿತ್ತು.

ದೀಪ ಹತ್ತಿತು. ಬೆಳಕು ಮೇಲಕ್ಕೆ ಹೋಗಿ ಒಂದು ಬಿಳಿಯ ಬಟ್ಟೆಗೆ ತಾಗಿತು. ಪೀಠದ ಮೇಲ್ಗಡೆ, ಮಾಡಿನ ಮರದ ಪಕ್ಕಾಸುಗಳಿಗೆ ನಾಲ್ಕು ಮೂಲೆ ಬಿಗಿದು ಕಟ್ಟಿದ ಚೌಕ ಬಟ್ಟೆ. ದಿನಾ ಕಂಡದ್ದೇ. ಆದರೆ ಇವತ್ತು ಅವನು ಅದರಿಂದ ಕಣ್ಣು ತೆಗೆಯಲಿಲ್ಲ. ಮೇಲೆ ಬಿದ್ದ ಕೆಂಪು ಪುಡಿಯ ಭಾರಕ್ಕೆ ಬಟ್ಟೆ ಜೋಲಿತ್ತು. ಕೆಳಗೆ, ಪೀಠದ ಮೇಲೆ, ಒಂದು ಚುಕ್ಕಿಯೂ ಇರಲಿಲ್ಲ.

"ಕುಶಲಕ್ಕ, ಆ ಬಟ್ಟೆ?"

"ಮೇಲ್ಕಟ್ಟು. ದೇವರ ಮೇಲೆ ಧೂಳು ಬೀಳಬಾರದಲ್ಲ. ಭೂತದ ನೇಮಕ್ಕೆ, ಪೂಜೆಗೆ ಎಲ್ಲ ಕಟ್ಟುವುದಿಲ್ವಾ?"

ಆಸ್ಟಿನ್ ಅಲ್ಲೇ ಕೂತುಬಿಟ್ಟ. ಅವನ ಮನೆಯಲ್ಲೂ ಇತ್ತು ಅದು. ಆಗ ಮನೆ ಹಂಚಿನದ್ದು. ಜಗಲಿಯಲ್ಲಿ ಯೇಸುವಿನ ಪಟವಿಟ್ಟ ಅಲ್ತಾರಿನ ಮೇಲ್ಗಡೆ ಅಮ್ಮ ವೆರೊನಿಕಾ ತನ್ನ ಮದುವೆಯ ಬಿಳಿ ಸೀರೆಯ ತುಂಡು ಕಟ್ಟಿದ್ದಳು. ರಾತ್ರಿ ಜಪಮಾಲೆ ಹಿಡಿದು ತೇರ್ಸ ಹೇಳುವಾಗ, ಪ್ರಾರ್ಥನೆ ಉದ್ದವಾಗಿ ನಿದ್ದೆ ತೂಗುವಾಗ, ಅವನು ಅದನ್ನೇ ನೋಡುತ್ತಿದ್ದ. ಮೇಲೆ ಹಲ್ಲಿ ಓಡಿದರೆ ನೆರಳು ಕಾಣುತ್ತಿತ್ತು. ಬಟ್ಟೆಯ ಮೇಲೆ ಏನು ಬಿದ್ದರೂ ಕೆಳಗೆ ಯೇಸುವಿನ ಪಟ ಹೊಸದರಂತೆಯೇ ಇರುತ್ತಿತ್ತು. ಕ್ರಿಸ್ಮಸ್ಸಿಗೆ ಮೊದಲು ಅಮ್ಮ ಅದನ್ನು ಬಿಚ್ಚಿ ಅಂಗಳದಲ್ಲಿ ಕೊಡವುವಾಗ ಕೆಂಪು ಮೋಡ ಏಳುತ್ತಿತ್ತು. ತಾರಸಿ ಮನೆ ಕಟ್ಟಿದ ಮೇಲೆ ಸೀರೆ ಎಲ್ಲಿ ಹೋಯಿತೋ, ಯಾರೂ ಕೇಳಲಿಲ್ಲ.

"ಹಂಚು ಇಳಿಸುವುದಿಲ್ಲ ಕುಶಲಕ್ಕ," ಎಂದ. "ಕಾರಿಗೊಂದು ಮೇಲ್ಕಟ್ಟು ಕಟ್ಟುತ್ತೇನೆ."

ಕುಶಲಕ್ಕ ಕಪ್ಪು ಕಾರಿನ ಉದ್ದವನ್ನು ನೋಡಿದರು. "ಇಷ್ಟು ದೊಡ್ಡ ದೇವರಿಗೆ ಬಟ್ಟೆ ಎಲ್ಲಿಂದ ತರ್ತೀ?"

ಅಂಬಲಪಾಡಿಯ ಅಂಗಡಿಯಿಂದ ಬಿಳಿ ಹತ್ತಿ ಬಟ್ಟೆಯ ಥಾನು ಬಂತು. ಲವಿಟಾ ಅಡ್ಡಡ್ಡ ಜೋಡಿಸಿ ಹೊಲಿದಳು.

"ಇದರಿಂದ ನೂಲು ಉದುರಿದರೆ?" ಎಂದು ಆಸ್ಟಿನ್ ಗೊಣಗಿದ.

"ಗಂಜಿ ಹಾಕಿದರೆ ಯಾವ ನೂಲು ಉದುರ್ತದೆ? ನಿನ್ನ ಮಸ್ಕತ್ತಿನವರಿಗೆ ಗಂಜಿ ಗೊತ್ತುಂಟಾ?" ಎಂದು ಲವಿಟಾ ಕುಚ್ಚಲಕ್ಕಿಯ ಗಂಜಿತಿಳಿಯಲ್ಲಿ ಬಟ್ಟೆ ಅದ್ದಿ, ವಿನೋದಾಳನ್ನು ಕರೆದಳು. ಇಬ್ಬರೂ ಎರಡು ಕಡೆ ಹಿಡಿದು ಹಿಂಡಿದರು. ಅಂಗಳದಲ್ಲಿ ಒಣಗಿದಾಗ ಅದು ಹಪ್ಪಳದಂತೆ ಗರಿಗರಿಯಾಗಿತ್ತು. ಗಾಜಿನ ಹಂಚಿನ ನೇರಕ್ಕೆ ಮಾತ್ರ ಒಂದು ಚೌಕ ಕತ್ತರಿಸಿ, ಮೇಜಿನ ಮೇಲೆ ಹಾಸುವ ಪಾರದರ್ಶಕ ಪ್ಲಾಸ್ಟಿಕ್ ಇಟ್ಟು ಹೊಲಿದಳು. ಬಿಸಿಲಿನ ಕೋಲು ಅವನಿಗೆ ಬೇಕಿತ್ತು.

ಕಟ್ಟುವ ದಿನ ಕುಶಲಕ್ಕ ಕೆಳಗೆ ನಿಂತು ಹೇಳಿಕೊಟ್ಟರು. "ಬಿಗಿ ಮಾಡು. ಹೊಟ್ಟೆ ಬಿಡಬಾರದು. ಆ ಮೂಲೆ ನೋಡು, ಜೋಲು ಬಿದ್ದದ್ದು. ಎಡ್ಮಂಡ್‌ನ ಮಗ ಅಂತ ಯಾರು ಹೇಳ್ತಾರೆ?" ಆಸ್ಟಿನ್ ಏಣಿಯ ಮೇಲಿಂದ ನಕ್ಕ. ಕೈಯೆತ್ತಿದರೆ ಹಂಚು ಸಿಗುತ್ತಿತ್ತು. ಒಮ್ಮೆ ಅಂಗೈ ಇಟ್ಟು ನೋಡಿದ. ಬಿಸಿಲಿಗೆ ಕಾದು ಬೆಚ್ಚಗಿತ್ತು.

ಶುಕ್ರವಾರ ಸಂಜೆ ಮತ್ತೆ ಕೋಟಿಂಗ್ ಹಾಕಿದ. ಮನೆಗೆ ಹೋಗುವ ಮೊದಲು, ಇನ್ನೂ ಉರಿಯುತ್ತಿದ್ದ ಮೂಲೆಯ ದೀಪದ ಮುಂದೆ ನಿಂತು ಶಿಲುಬೆಯ ಗುರುತು ಮಾಡಿಕೊಂಡ. ಆ ರಾತ್ರಿ ಗಾಳಿ ಜೋರಾಗಿ ಬೀಸುವುದನ್ನು ಹಾಸಿಗೆಯಲ್ಲಿ ಕೇಳುತ್ತ ಮಲಗಿದ್ದ. ಎದ್ದು ಹೋಗಿ ನೋಡಲಿಲ್ಲ. ಕಟ್ಟಿದ್ದಾಗಿತ್ತು, ಇನ್ನು ಕಾಯುವುದು ತನ್ನ ಕೆಲಸವಲ್ಲ ಎಂದುಕೊಂಡ.

ಬೆಳಿಗ್ಗೆ ಕುಶಲಕ್ಕ ಅವನಿಗಿಂತ ಮೊದಲೇ ಬಾಗಿಲಲ್ಲಿ ನಿಂತಿದ್ದರು. ಬಾಗಿಲು ತೆರೆದ. ಬಟ್ಟೆಯ ಮೇಲೆಲ್ಲ ಕೆಂಪು ನೆರಳು ಹಬ್ಬಿತ್ತು. ಕೆಳಗೆ ಕಾರು ಹೊಳೆಯ ಮಡುವಿನಂತೆ ಕಪ್ಪಾಗಿ ನಿಂತಿತ್ತು. ಆಸ್ಟಿನ್ ಬಗ್ಗಿ, ಕಣ್ಣನ್ನು ಬಾನೆಟ್ಟಿನ ಮಟ್ಟಕ್ಕೆ ತಂದು, ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಒಂದು ಚುಕ್ಕಿ ಇರಲಿಲ್ಲ. ಬಿಳಿ ಬಟ್ಟೆ, ಅದರ ನಡುವಿನ ಪ್ಲಾಸ್ಟಿಕ್ ಚೌಕ, ಚೌಕದಾಚೆ ಗಾಜಿನ ಹಂಚು, ಅದರ ಸುತ್ತ ನಾಲ್ಕಾರು ಕೆಂಪು ಹಂಚು, ಎಲ್ಲವೂ ಬಾನೆಟ್ಟಿನ ಹೊಳಪಿನಲ್ಲಿ ಕಾಣುತ್ತಿದ್ದವು.

ಕುಶಲಕ್ಕನೂ ಬಗ್ಗಿದರು. "ಹಂಚು ಕಾಣ್ತದೆ," ಎಂದರು. ಸೆರಗಿನಿಂದ ಕಣ್ಣು ಒರೆಸಿಕೊಂಡರು.

"ಮುಟ್ಟಬೇಡಿ ಆಯ್ತಾ," ಎಂದ ಆಸ್ಟಿನ್.

"ನಾನು ಎಂತಕ್ಕೆ ಮುಟ್ಟಲಿ? ಮೈಲಿಗೆಯಾದೀತು ನಿನ್ನ ದೇವರಿಗೆ."

ಸಂಜೆ ತಿಲಕ್ ಬಂದು ಸುತ್ತು ಹಾಕಿದರು. ಈ ಸಲ ಎರಡು ಸುತ್ತು. ಆಮೇಲೆ ಮೇಲೆ ನೋಡಿದರು. "ಒಳ್ಳೆ ಮದುಮಗಳ ಮಂಟಪದ ಹಾಗೆ ಮಾಡಿದ್ದೀಯಲ್ಲ ಮಾರಾಯ. ನಿಶ್ಚಿತಾರ್ಥ ಇಲ್ಲೇ ಮಾಡಬಹುದಿತ್ತು." ಕಾರು ಹತ್ತಿ, ಕಿಟಕಿ ಇಳಿಸಿ, "ಅಣ್ಣನ ಕಾರು ಬುಧವಾರ ಬರ್ತದೆ. ಬಿಳಿ ಕಾರು. ಆದರೂ ಬಟ್ಟೆ ಕಟ್ಟು," ಎಂದು ಕಾರ್ಕಳದ ಕಡೆಗೆ ಹೊರಟರು.

ಕಾರು ಹೆದ್ದಾರಿ ಸೇರುವವರೆಗೆ ಆಸ್ಟಿನ್ ನೋಡುತ್ತ ನಿಂತ. ಆಮೇಲೆ ಫೋನ್ ತೆಗೆದು ಮಸ್ಕತ್ತಿಗೆ ಮಾತನಾಡಿದ. ಮಾತು ಉದ್ದವಾಗಲಿಲ್ಲ.

ಕುಶಲಕ್ಕ ದೀಪ ಹಚ್ಚಿ ತಿರುಗಿದರು. ಖಾಲಿಯಾದ ಶೆಡ್ಡಿನಲ್ಲಿ ಬಟ್ಟೆ ಗಾಳಿಗೆ ಸ್ವಲ್ಪ ಏರಿ ಇಳಿಯುತ್ತಿತ್ತು.

"ಇದನ್ನು ಹಾಗೆಯೇ ಬಿಡುವ ಹಾಗಿಲ್ಲ," ಎಂದರು. "ವರ್ಷಕ್ಕೊಮ್ಮೆಯಾದರೂ ಬಿಚ್ಚಿ ಕೊಡವಬೇಕು. ಗಂಜಿ ಹಾಕಿ ಮತ್ತೆ ಕಟ್ಟಬೇಕು. ನನ್ನಿಂದ ಏಣಿ ಹತ್ತಲಿಕ್ಕಾಗುವುದಿಲ್ಲ."

"ನಾನು ಇರ್ತೇನಲ್ಲ, ಕುಶಲಕ್ಕ," ಎಂದ ಆಸ್ಟಿನ್.