ಸತ್ತ ಮಗಳ ಉಸಿರು

ಷೇಕ್ಸ್‌ಪಿಯರ್ ಹುಟ್ಟಿದ ಊರಲ್ಲಿ ಬದುಕುವವನಿಗೆ ಅವನಿಂದ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ. ಬಿಸ್ಕತ್ತಿನ ಡಬ್ಬಿಯ ಮೇಲೆ ಅವನೇ, ಪಾತ್ರೆ ಒರೆಸುವ ಬಟ್ಟೆಯ ಮೇಲೆ ಅವನೇ, ನಾನು ಕೂದಲು ಕತ್ತರಿಸಿಕೊಳ್ಳುವ ಅಂಗಡಿಯ ಬೋರ್ಡಿನಲ್ಲೂ ಆ ಬೋಳುಹಣೆಯೇ. ಸ್ಟ್ರಾಟ್‌ಫರ್ಡಿಗೆ ಬಂದು ಮೂವತ್ತು ವರ್ಷವಾದರೂ ನಾನು ಅವನ ಒಂದು ನಾಟಕವನ್ನೂ ರಂಗದ ಮೇಲೆ ಪೂರ್ತಿ ನೋಡಿದವನಲ್ಲ. ಅಂಥವನು ಎಂಬತ್ತರ ವಯಸ್ಸಿನಲ್ಲಿ ಮಂಗಳವಾರ ಮಧ್ಯಾಹ್ನದ ತರಗತಿಗೆ ಹೆಸರು ಕೊಟ್ಟೆ. ಸಾಹಿತ್ಯದ ಮೇಲಿನ ಪ್ರೀತಿಯಿಂದೇನೂ ಅಲ್ಲ. ನನ್ನ ಹೆಂಡತಿ ಎನಿಡ್ ಹೋದ ಮಾರ್ಚಿನಲ್ಲಿ ತೀರಿಕೊಂಡಳು. ಆಮೇಲೆ ಮನೆಯಲ್ಲಿ ನೀರು ಕಾಯಿಸುವ ಕೆಟಲ್ ಬಿಟ್ಟರೆ ಸದ್ದು ಮಾಡುವವರು ಯಾರೂ ಇರಲಿಲ್ಲ.

ತರಗತಿ ನಡೆಯುವುದು ಚರ್ಚಿನ ಹಿಂದಿನ ಹಾಲಿನಲ್ಲಿ. ಒಂದೇ ನಾಟಕವನ್ನು ಸಿನಿಮಾದವರು ಹೇಗೆ ಮಾಡಿದ್ದಾರೆ, ಟೀವಿಯವರು ಹೇಗೆ ಮಾಡಿದ್ದಾರೆ ಎಂದು ಪಕ್ಕಪಕ್ಕ ಇಟ್ಟು ನೋಡುವುದು, ನಡುವೆ ಚಹಾ ಕುಡಿಯುವುದು. ಪಾಠ ಹೇಳುವವಳು ಗಿಲಿಯನ್, ನಿವೃತ್ತ ಅಧ್ಯಾಪಕಿ. ಬಾಯಿ ಜೋರು, ಮನಸ್ಸು ಮೆತ್ತಗೆ. ಸಿನಿಮಾ ಅಂದರೆ ಕುದುರೆ, ಹಿಮ, ಸಾವಿರ ಸೈನಿಕರು. ಟೀವಿ ಅಂದರೆ ಮೂರು ಹಲಗೆಯ ಗೋಡೆ. ಯಾರಾದರೂ ಬಾಗಿಲು ಜೋರಾಗಿ ಹಾಕಿದರೆ ಇಡೀ ಕೋಟೆಯೇ ಅಲ್ಲಾಡುತ್ತದೆ. ಆಗ ತರಗತಿಯಲ್ಲಿ ಎಲ್ಲರೂ ನಗುತ್ತಾರೆ. ನನಗೆ ಮೈ ಉರಿಯುತ್ತದೆ. ಬರ್ಮಿಂಗ್‌ಹ್ಯಾಮಿನ ಟೀವಿ ಸ್ಟುಡಿಯೋದಲ್ಲಿ ಅಂಥದೇ ಗೋಡೆಗಳ ಹಿಂದೆ ಹದಿನೆಂಟು ವರ್ಷ ಟೇಪಿನ ಕೋಣೆಯಲ್ಲಿ ದುಡಿದವನು ನಾನು.

"ಸಿನಿಮಾದಲ್ಲಿ ರಾಜನ ಹಿಂದೆ ಇಡೀ ದೇಶ ಕಾಣುತ್ತೆ. ಟೀವಿಯಲ್ಲಿ ಬರೀ ಅವನ ಮೂಗಿನ ಹೊಳ್ಳೆ," ಅಂದಳು ಪಕ್ಕದ ಕುರ್ಚಿಯ ಹೇಜಲ್ ಟಿಮ್ಮಿನ್ಸ್.

"ಹೊಳ್ಳೆ ನೋಡಿದ್ರೇನೇ ಗೊತ್ತಾಗೋದು, ಅಳ್ತಿದ್ದಾನೋ ನಾಟಕ ಆಡ್ತಿದ್ದಾನೋ ಅಂತ," ಅಂದೆ.

"ಅಬ್ಬಾ, ಕ್ಲಿಫರ್ಡ್‌ಗೂ ಬಾಯಿ ಬಂತಪ್ಪಾ!" ಅಂದಳು ಗಿಲಿಯನ್.

ನಾಲ್ಕನೆಯ ವಾರ ಬಂದದ್ದು ಮೂವರು ಹೆಣ್ಣುಮಕ್ಕಳ ಮುದಿ ರಾಜನ ನಾಟಕ. ಗಿಲಿಯನ್ ಸಿನಿಮಾದ ಕೊನೆಯ ದೃಶ್ಯ ಹಾಕಿದಳು. ರಾಜ ಸತ್ತ ಕಿರಿಮಗಳನ್ನು ಎತ್ತಿಕೊಂಡು ಹಿಮದ ಬಯಲಲ್ಲಿ ದೂರದಿಂದ ನಡೆದು ಬರುತ್ತಾನೆ. ಮಗಳ ಮುಖವೇ ಕಾಣುವುದಿಲ್ಲ.

"ಇದರ ಪಕ್ಕ ಅರವತ್ತೈದನೇ ಇಸವಿಯ ಬರ್ಮಿಂಗ್‌ಹ್ಯಾಮಿನ ಟೀವಿ ನಾಟಕ ಇಡಬೇಕಿತ್ತು," ಅಂದಳು. "ಏನ್ ಮಾಡೋದು, ಅದೇ ಇಲ್ಲ. ಯಾವನೋ ಪುಣ್ಯಾತ್ಮ ಅಳಿಸಿ ಹಾಕಿದ್ದಾನೆ. ಅದರ ಮೇಲೆ ಫುಟ್‌ಬಾಲೋ ಏನೋ ತುಂಬಿರ್ತಾನೆ."

ಎಲ್ಲರೂ ಲೊಚಗುಟ್ಟಿದರು. ನಾನು ಚಹಾದಲ್ಲಿ ಅದ್ದಿದ ಬಿಸ್ಕತ್ತನ್ನು ಎತ್ತುವುದನ್ನೇ ಮರೆತೆ. ಅದು ಮುರಿದು ಬುಡ ಸೇರಿತು.

ಫುಟ್‌ಬಾಲ್ ಅಲ್ಲ, ತೋಟಗಾರಿಕೆಯ ಕಾರ್ಯಕ್ರಮ. ಆ ಪುಣ್ಯಾತ್ಮ ನಾನೇ.

ಆ ನಾಟಕದಲ್ಲಿ ರಾಜನ ಪಾತ್ರದವನಿಗೆ ಬೆನ್ನುನೋವು. ಕಿರಿಮಗಳಾದ ನಟಿಯೋ ಒಳ್ಳೆ ಎತ್ತರದ ಆಳು. ಅವಳನ್ನು ಎತ್ತಲಾರೆ ಎಂದು ಅವನು ಹಟ ಹಿಡಿದ. ನಿರ್ದೇಶಕ ಸುತ್ತಮುತ್ತ ಕಣ್ಣಾಡಿಸಿ, ಉಡುಪಿನ ಕೋಣೆಯಲ್ಲಿ ಹೊಲಿಗೆ ಹಾಕುತ್ತಿದ್ದ ಕಡ್ಡಿಯಂಥ ಹುಡುಗಿಯನ್ನು ಎಳೆದು ತಂದ. ಅವಳೇ ಎನಿಡ್. ಕೂದಲನ್ನು ಮುಖದ ಮೇಲೆ ಹರಡಿ ಹೆಣವಾಗಿಸಿದರು. ಆಗ ಟೇಪನ್ನು ಕತ್ತರಿಸಿ ಅಂಟಿಸುವುದು ದೊಡ್ಡ ತಲೆನೋವು; ಇಡೀ ದೃಶ್ಯವನ್ನು ಒಂದೇ ಏಟಿಗೆ ತೆಗೆಯುತ್ತಿದ್ದರು, ತಪ್ಪಾದರೆ ತಪ್ಪೇ ಉಳಿಯುತ್ತಿತ್ತು. ರಾಜ ಅವಳನ್ನು ಮಲಗಿಸಿ ಗೋಳಾಡುವಾಗ ಕ್ಯಾಮೆರಾ ಹತ್ತಿರ ಬಂತು. ಎಷ್ಟು ಹೊತ್ತು ಅಂತ ಉಸಿರು ಹಿಡಿದಾಳು? ಟೇಪಿನ ಕೋಣೆಯ ಪುಟ್ಟ ಪರದೆಯಲ್ಲಿ ನಾನು ನೋಡುತ್ತಿದ್ದಂತೆಯೇ ಅವಳ ಎದೆ ಮೆಲ್ಲಗೆ ಏರಿತು, ಇಳಿಯಿತು.

ಮಾರನೆಯ ದಿನ ನಾನು ಅಂಗಿಯ ಗುಂಡಿಯೊಂದನ್ನು ನಾನೇ ಕಿತ್ತುಕೊಂಡು ಉಡುಪಿನ ಕೋಣೆಗೆ ಹೋದೆ. ಅವಳು ಗುಂಡಿ ಹಚ್ಚುತ್ತಾ ಕೇಳಿದ ಮೊದಲ ಮಾತು, "ನಿಜ ಹೇಳಿ, ನಾನು ಉಸಿರಾಡಿದ್ದು ಕಾಣ್ತಾ?"

"ಇಲ್ಲಪ್ಪಾ. ಕಲ್ಲಿನ ಥರ ಬಿದ್ದಿದ್ರಿ," ಅಂದೆ.

ಆ ಸುಳ್ಳಿನ ಮೇಲೆಯೇ ನಮ್ಮ ಮದುವೆ ನಿಂತಿತು. ತಾನು ಅಂಥ ದೊಡ್ಡ ನಾಟಕವನ್ನು ಕೆಡಿಸಿದೆನೇನೋ ಎಂಬ ನಾಚಿಕೆ ಅವಳನ್ನು ಬಿಡಲಿಲ್ಲ. ಪ್ರತಿ ಕ್ರಿಸ್‌ಮಸ್‌ಗೂ ಕೇಳುತ್ತಿದ್ದಳು, "ಕ್ಲಿಫ್, ಆ ಟೇಪು ಒಂದ್ಸಲ ತೋರಿಸೋ. ನಾನೇ ನೋಡಿಕೊಳ್ತೀನಿ." ತೋರಿಸೋಣ ಅನ್ನುತ್ತಿದ್ದೆ.

ಅರವತ್ತೊಂಬತ್ತರಲ್ಲಿ ಬಣ್ಣದ ಟೀವಿ ಬಂತು. ಕಪ್ಪುಬಿಳುಪಿನ ಟೇಪುಗಳನ್ನೆಲ್ಲ ಅಳಿಸಿ ಮತ್ತೆ ಬಳಸಿ ಎಂದು ಮೇಲಿನಿಂದ ಪಟ್ಟಿ ಬಂತು. ಬೇಡವಾದದ್ದರ ಎದುರು ಗುರುತು ಹಾಕುವ ಕೆಲಸ ನನ್ನದು. ಆ ನಾಟಕದ ಟೇಪು ನನ್ನ ಕೈಗೇ ಬಂತು. ನೋಡದೆ ಹಾಕಿದೆ ಎನ್ನಲು ನನಗೆ ಬಾಯಿಲ್ಲ. ಹೆಸರು ಓದಿದೆ, ಒಂದು ಗಳಿಗೆ ಯೋಚಿಸಿದೆ. ಎನಿಡ್ ಮನೆಯಲ್ಲೇ ಇದ್ದಾಳಲ್ಲ, ಸಂಜೆ ಹೋದರೆ ಅಡುಗೆಮನೆಯಲ್ಲಿ ಸಿಗುತ್ತಾಳೆ, ಇದು ಯಾಕೆ ಎಂದುಕೊಂಡೆ. ಅಳಿಸುವ ಯಂತ್ರದ ಮೇಲಿಟ್ಟೆ. ಅದು ಗುಂಯ್ ಎಂದಿತು. ಹತ್ತು ಸೆಕೆಂಡು, ಅಷ್ಟೇ.

ಅವಳಿಗೆ ಟೇಪು ಲಂಡನ್ನಿಗೆ ಹೋಗಿ ಅಲ್ಲಿ ಕಳೆದಿದೆ ಎಂದೆ. ಎಲ್ಲೋ ಯಾರದೋ ಅಟ್ಟದಲ್ಲಿ ಹಳೆಯ ಟೇಪು ಸಿಕ್ಕಿತು ಎಂಬ ಸುದ್ದಿ ಬಂದಾಗಲೆಲ್ಲ, "ನಮ್ಮದೂ ಸಿಗಬಹುದು ಅಲ್ವಾ?" ಅನ್ನುವಳು. ಆಸ್ಪತ್ರೆಯ ಮಂಚದಲ್ಲೂ ಅಂದಳು. ಸಿಗಬಹುದು ಅಂದೆ. ನನ್ನಂಥ ಹೇಡಿ ಇನ್ನೊಬ್ಬನಿಲ್ಲ.

ಆ ಮಂಗಳವಾರ ನಾನು ತಲೆ ತಗ್ಗಿಸಿ ಕೂತಿರುವಾಗಲೇ ಹೇಜಲ್ ಅಂದಳು, "ಚಿತ್ರ ಇಲ್ಲದಿದ್ರೇನಂತೆ, ಸದ್ದು ಇದೆಯಲ್ಲ ನನ್ನ ಹತ್ರ! ನಮ್ಮಪ್ಪನಿಗೆ ನಾಟಕದ ಹುಚ್ಚು. ಟೀವಿ ಮುಂದೆ ಮೈಕ್ ಹಿಡಿದು ಟೇಪ್ ರೆಕಾರ್ಡರಿನಲ್ಲಿ ತುಂಬ್ಕೋತಿದ್ರು. ನಾವು ಕೆಮ್ಮಿದ್ರೂ ಬೈಗುಳ. ಮುಂದಿನ ವಾರ ತರ್ತೀನಿ."

ಆ ವಾರವೆಲ್ಲ ಹೋಗಲೋ ಬೇಡವೋ ಎಂದು ಒದ್ದಾಡಿದೆ. ಕೇಳಲು ಏನಿದೆ? ಹೆಣಕ್ಕೆ ಮಾತಿಲ್ಲ. ಆದರೂ ಮಂಗಳವಾರ ಎಲ್ಲರಿಗಿಂತ ಮೊದಲು ಹೋಗಿ ಮುಂದಿನ ಕುರ್ಚಿಯಲ್ಲಿ ಕೂತೆ.

ಹೇಜಲ್ ಅಪ್ಪನ ಹಳೆಯ ಯಂತ್ರವನ್ನೇ ತಂದಿದ್ದಳು. ಸುರುಳಿ ತಿರುಗಿತು. ಗರಗರ ಸದ್ದು, ಎಲ್ಲೋ ನಾಯಿಯ ಬೊಗಳು, ಯಾರೋ ಕಪ್ಪು ಕೆಳಗಿಟ್ಟ ಸದ್ದು, ನಡುವೆ ರಾಜನ ಗೋಳು. ಅವನು ಮಗಳನ್ನು ಮಲಗಿಸಿದ್ದು ಅವನ ಏದುಸಿರಿನಿಂದಲೇ ತಿಳಿಯಿತು. ಆಮೇಲೆ ಮೌನ. ಈಗ ಕ್ಯಾಮೆರಾ ಅವಳ ಹತ್ತಿರ ಬರುತ್ತಿದೆ, ನನಗೆ ಗೊತ್ತು.

ಆ ಮೌನದಲ್ಲಿ ಪುಟ್ಟ ಹುಡುಗಿಯೊಬ್ಬಳ ಅಳುದನಿ: "ಅಪ್ಪಾ, ಆ ಅಕ್ಕ ಸತ್ತೇಹೋದ್ಲಾ?"

ಗಂಡಸಿನ ಪಿಸುದನಿ: "ಇಲ್ಲ ಪುಟ್ಟಿ, ಅಳಬೇಡ. ನೋಡು, ಉಸಿರಾಡ್ತಿದ್ದಾಳೆ."

ತರಗತಿ ಗೊಳ್ಳೆಂದಿತು. ಹೇಜಲ್ ಮುಖ ಕೆಂಪಾಗಿ, "ಅಯ್ಯೋ, ಅದು ನಾನು!" ಅಂದಳು.

"ಎಂಥ ಜಾಗದಲ್ಲಿ ಬಾಯಿ ಹಾಕಿದ್ದಾರೆ ನಿಮ್ಮಪ್ಪ!" ಗಿಲಿಯನ್ ಕಣ್ಣೊರೆಸಿಕೊಂಡು ನಕ್ಕಳು. "ಇರಲಿ, ಕಂಪ್ಯೂಟರಿಗೆ ಹಾಕಿ ಮನೆಯವರ ಮಾತೆಲ್ಲ ಅಳಿಸಿಬಿಡ್ತೀನಿ. ನಾಟಕ ಮಾತ್ರ ಉಳಿಯುತ್ತೆ."

"ಅಳಿಸಬೇಡಿ!"

ನನ್ನ ಗಂಟಲು ಅಷ್ಟು ಜೋರಾಗಿ ಕೂಗಿ ಎಷ್ಟೋ ವರ್ಷವಾಗಿತ್ತು. ಯಾವಾಗ ಎದ್ದೆನೋ ತಿಳಿಯದು, ಕುರ್ಚಿ ಹಿಂದೆ ಬಿದ್ದಿತ್ತು.

"ಯಾಕೆ ಕ್ಲಿಫರ್ಡ್? ಏನಾಯ್ತು?"

"ಅದರಲ್ಲಿ ನನ್ನ ಹೆಂಡತಿ ಇದ್ದಾಳೆ."

"ಎಲ್ಲಿ? ಹೆಂಗಸಿನ ದನಿಯೇ ಕೇಳಲಿಲ್ಲವಲ್ಲ?"

"ಉಸಿರಾಡ್ತಿದ್ದಾಳೆ ಅಂದ್ರಲ್ಲ, ಅವಳೇ ನನ್ನ ಎನಿಡ್," ಅಂದೆ. "ಹೋದ ವಾರ ನೀವು ಬೈದಿರಲ್ಲ, ಆ ಪುಣ್ಯಾತ್ಮ ನಾನು. ನಾನೇ ಗುರುತು ಹಾಕಿದ್ದು, ನಾನೇ ಅಳಿಸಿದ್ದು. ಅವಳಿಗೆ ಕೊನೆವರೆಗೂ ಹೇಳಲಿಲ್ಲ."

ಹೇಜಲ್ ನನ್ನ ಕಡೆ ನೋಡದೆ, ಸುರುಳಿಯನ್ನು ಬೆರಳಲ್ಲೇ ಹಿಂದಕ್ಕೆ ತಿರುಗಿಸಿದಳು.

"ಇನ್ನೊಂದ್ಸಲ ಹಾಕ್ತೀನಿ, ಕೂತ್ಕೊಳ್ಳಿ," ಅಂದಳು.

ಮೂರು ಸಲ ಹಾಕಿದಳು. ಮೂರು ಸಲವೂ ಆ ಅಪ್ಪ ಅದನ್ನೇ ಹೇಳಿದ.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಕೋಟು ತೆಗೆಯದೆ ಕೆಟಲ್ ಹಚ್ಚಿದೆ. ಎಂದಿನಂತೆ ಕೈ ಎರಡು ಕಪ್ಪು ತೆಗೆಯಿತು. ಒಂದನ್ನು ವಾಪಸು ಇಡುವುದು ಈ ಒಂದು ವರ್ಷದಲ್ಲಿ ಅಭ್ಯಾಸವಾಗಿದೆ, ಇವತ್ತು ಇಡಲಿಲ್ಲ.

"ಎನಿಡ್," ಅಂದೆ. "ಕಂಡಿತ್ತು ಕಣೇ. ಎಲ್ಲರಿಗೂ ಕಂಡಿತ್ತು. ಒಂದು ಮಗು ಅದನ್ನ ನೋಡಿ ಅಳು ನಿಲ್ಲಿಸ್ತು. ನನಗೂ ಕಂಡಿತ್ತು. ಅದಕ್ಕೇ ನಾನು ಗುಂಡಿ ಕಿತ್ಕೊಂಡು ಬಂದಿದ್ದು."

ಕೆಟಲ್ ಕುದಿದು ತಾನಾಗಿಯೇ ಆರಿತು. ಅವಳ ಉತ್ತರಕ್ಕೆ ಕಾಯುವವನ ಹಾಗೆ ನಾನು ಅಲ್ಲೇ ನಿಂತಿದ್ದೆ.