ಬಿಸ್ಕತ್ತಿನ ಡಬ್ಬಿಯ ಸೆರೆಮನೆ

ನನ್ನ ತಂಗಿ ಎರಡು ವರ್ಷ ಬಿಸ್ಕತ್ತಿನ ಡಬ್ಬಿಯೊಳಗೆ ಸೆರೆಯಲ್ಲಿದ್ದಳು. ಹಾಕಿಸಿದವಳು ನಾನೇ.

ನಮ್ಮದು ಮೇಜಿನ ಸುತ್ತ ಕುಳಿತು ಆಡುವ ಆಟ. ಪುಸ್ತಕಗಳಿಗೆ ರಟ್ಟು ಕಟ್ಟುವ ಮೇಷ್ಟ್ರು ತಮ್ಮ ಅಂಗಡಿಯ ಹಿಂದಿನ ಕೋಣೆಯಲ್ಲಿ ಭಾನುವಾರ ಮಧ್ಯಾಹ್ನ ರಾಜರ, ರಾಕ್ಷಸರ ಕಥೆ ನಡೆಸುತ್ತಾರೆ. ನಾವು ಒಂದೊಂದು ಪಾತ್ರವಾಗಿ ಮಾತಾಡುತ್ತೇವೆ. ಗೆದ್ದೆವೋ ಸೋತೆವೋ ದಾಳ ಹೇಳುತ್ತದೆ. ಮಂತ್ರವಾದಿಯಾಗುವ ಬಸ್ ಡ್ರೈವರಿಗೆ ಬೆಂಕಿ ಹಚ್ಚುವುದೊಂದೇ ಗೊತ್ತು. ನಾನು ಸುಳ್ಳಾಡುವುದಿಲ್ಲವೆಂದು ಪ್ರಮಾಣ ಮಾಡಿದ ಯೋಧೆ. ಆ ಪ್ರಮಾಣವೇ ನನ್ನ ಖಡ್ಗದ ಬಲ. ವಾರವೆಲ್ಲ ಅಂಗಡಿಗಳ ತಕ್ಕಡಿ ಪರೀಕ್ಷಿಸುವ ಸರ್ಕಾರಿ ನೌಕರಿಯವಳು ಇನ್ನೇನಾದಾಳು? ತಂಗಿ ಕಳ್ಳಿ. ಎಂಥ ಬೀಗವನ್ನೂ ಹೇರ್‌ಪಿನ್ನಿನಲ್ಲಿ ತೆಗೆಯುತ್ತಿದ್ದಳು. ಅವಳ ಕೆಲಸ ಪಾರ್ಲರಿನಲ್ಲಿ. ಬಂದವರಿಗೆಲ್ಲ ‘ಹತ್ತು ವರ್ಷ ಚಿಕ್ಕವರಾಗಿ ಕಾಣ್ತೀರಾ’ ಎನ್ನುವವಳು.

ಎರಡು ವರ್ಷದ ಹಿಂದೆ ಒಂದು ಭಾನುವಾರ ಆಟದಲ್ಲಿ ಅವಳು ಹಸಿದ ಹಳ್ಳಿಗಾಗಿ ದೊರೆಯ ಕಣಜದ ಬೀಗ ತೆಗೆದಳು. ಯಾರು ತೆಗೆದದ್ದೆಂದು ಮೇಷ್ಟ್ರು ಕಾವಲುಗಾರನಾಗಿ ನನ್ನನ್ನು ಕೇಳಿದರು. ಪ್ರಮಾಣ ಅಂದರೆ ಪ್ರಮಾಣ. ತಂಗಿಯತ್ತ ಬೆರಳು ಮಾಡಿದೆ.

“ಚಿಕ್ಕವರಿದ್ದಾಗ ಅಮ್ಮನ ಹತ್ರ ಚಾಡಿ ಹೇಳ್ತಿದ್ದೆ. ಈಗ ಆಟದಲ್ಲೂ ಬಿಟ್ಟುಕೊಟ್ಟೆಯಲ್ಲಾ,” ಎಂದು ಎದ್ದು ಹೋದಳು. ಮತ್ತೆ ಬರಲಿಲ್ಲ, ಫೋನೂ ಎತ್ತಲಿಲ್ಲ. ಮೇಷ್ಟ್ರು ಅವಳ ಪಾತ್ರದ ವಿವರ ಬರೆದ ಹಾಳೆಯನ್ನು ಬಿಸ್ಕತ್ತಿನ ಡಬ್ಬಿಯೊಳಗಿಟ್ಟು ಮೇಲೆ ‘ಸೆರೆಮನೆ’ ಎಂದು ಬರೆದರು.

ಮೊದಮೊದಲು ನಾನೂ ಬಿಗಿದುಕೊಂಡೇ ಇದ್ದೆ. ನ್ಯಾಯ ನನ್ನ ಕಡೆಗಿತ್ತಲ್ಲ! ಆ ನ್ಯಾಯ ಕಟ್ಟಿಕೊಂಡು ಏನು ಮಾಡಲಿ? ದಾಳ ಹಾಕುವ ಮುಂಚೆ ಅವಳು ಅಂಗೈಗೆ ಉಫ್ ಎಂದು ಊದುತ್ತಿದ್ದಳು. ನನ್ನ ಸರದಿ ಬಂದಾಗಲೆಲ್ಲ ಅದೇ ನೆನಪಾಗುತ್ತಿತ್ತು. ಆಟದೊಳಗೆ ಪ್ರತಿ ವಾರವೂ ಸೆರೆಮನೆಯ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದೆ.

“ಅವಳೇನಾದ್ರೂ ಹೇಳಿದ್ಳಾ ಮೇಷ್ಟ್ರೇ?”

“ಅವಳ ಮಾತು ಅವಳೇ ಆಡ್ಬೇಕಮ್ಮ. ನಾನು ಆಡೋಕಾಗಲ್ಲ.”

ಕಳೆದ ಭಾನುವಾರ ತಡೆಯಲಾಗಲಿಲ್ಲ. ಕಾವಲುಗಾರನಿಗೆ ಹೇಳಿಬಿಟ್ಟೆ: “ಬೀಗ ತೆಗೆದವಳು ನಾನು. ಅವತ್ತು ಅವಳ ಕಡೆ ಬೆರಳು ಮಾಡಿದ್ದು ತಪ್ಪು. ಅವಳನ್ನ ಬಿಡು.”

ಡ್ರೈವರ್ ಬಾಯಿ ಬಿಟ್ಟುಕೊಂಡು ನೋಡಿದ. ಮೇಷ್ಟ್ರು ಕನ್ನಡಕ ತೆಗೆದರು. “ಯೋಚನೆ ಮಾಡಮ್ಮ. ಪ್ರಮಾಣ ಮುರಿದ್ರೆ ನಿನ್ನ ಖಡ್ಗ ಬರೀ ಕಬ್ಬಿಣ. ಒಂಬತ್ತು ವರ್ಷ ಸಾಕಿದ ಪಾತ್ರ.”

“ಕಬ್ಬಿಣವೇ ಆಗ್ಲಿ.”

ಕಾವಲುಗಾರ ನಂಬುತ್ತಾನೋ ಇಲ್ಲವೋ ನೋಡಲು ದಾಳ ಎತ್ತಿಕೊಂಡೆ. ಬೇಡವೆಂದರು ಮೇಷ್ಟ್ರು. ಸುಳ್ಳಾಡದವಳೆಂದು ಹೆಸರಾದವಳು ತಾನೇ ಬಂದು ತಪ್ಪೊಪ್ಪಿಕೊಂಡರೆ ಯಾರು ತಾನೇ ನಂಬುವುದಿಲ್ಲ? ಡಬ್ಬಿಯಿಂದ ಅವಳ ಹಾಳೆ ತೆಗೆದು ನನ್ನ ಕೈಗಿತ್ತರು, ನನ್ನದನ್ನು ಒಳಗಿಟ್ಟು ಮುಚ್ಚಿದರು.

ಮರುದಿನ ಸಂಜೆ ಪಾರ್ಲರಿಗೆ ಹೋದೆ. ತಂಗಿ ಯಾರದೋ ಕೂದಲು ಕತ್ತರಿಸುತ್ತಿದ್ದಳು. ಕನ್ನಡಿಯಲ್ಲೇ ನನ್ನನ್ನು ನೋಡಿದಳು, ತಿರುಗಲಿಲ್ಲ. ಬಾಚಣಿಗೆಗಳ ಪಕ್ಕ ಹಾಳೆ ಇಟ್ಟೆ.

“ನಿನ್ನನ್ನ ಬಿಟ್ಟರು.”

“ಯಾರು ಬಿಡಿಸಿದ್ದು?”

“ನಾನೇ. ಸುಳ್ಳು ಹೇಳ್ದೆ.”

ಕತ್ತರಿ ನಿಂತಿತು. “ನೀನಾ?” ಎಂದಳು. ಆಮೇಲೆ, “ಮತ್ತೆ ನೀನೀಗ ಎಲ್ಲಿದ್ದೀಯ?”

“ಒಳಗೆ. ನಿನ್ನ ಜಾಗದಲ್ಲಿ.”

ಅವಳು ಹಾಳೆಯ ಮೇಲೆ ಬಿದ್ದ ಕೂದಲನ್ನು ಉಫ್ ಎಂದು ಊದಿ, ಹಾಳೆ ಮಡಚಿ ಜೇಬಿಗಿಟ್ಟುಕೊಂಡಳು. ಎರಡು ವರ್ಷದ ಮೇಲೆ ಮೊದಲ ಸಲ ನನ್ನ ಮುಖ ನೋಡಿ ಕೇಳಿದಳು:

“ಆ ಜೈಲಿನ ಬೀಗ ಎಂಥದ್ದು, ಅಕ್ಕಾ?”